ಮನೆಯ ಮೊಲ ದಪ್ಪವಾಗಿದೆಯಾ? ಊಟ ನಿಲ್ಲಿಸಬೇಡಿ, ಊಟ ಬದಲಿಸಿ

“ನಮ್ಮ ಮೊಲ ಕುಂಬಳಕಾಯಿ ಆಗಿಬಿಟ್ಟಿದೆ. ಎರಡು ದಿನ ಏನೂ ಹಾಕದೆ ಬಿಟ್ಟರೆ ಇಳಿಯುತ್ತಾ?”

ವಿಜಯಪುರ, ಇಂಡಿ, ಬಸವನ ಬಾಗೇವಾಡಿ ಕಡೆ ಮೊಲ ಸಾಕಿದವರು ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಇದೊಂದೇ. ಉತ್ತರ ಮೊದಲೇ ಹೇಳಿಬಿಡುತ್ತೇನೆ. ಬೇಡ. ಎರಡು ದಿನದ ಮಾತು ಹಾಗಿರಲಿ, ಅರ್ಧ ದಿನವೂ ಬೇಡ. ನಾವು ಏಕಾದಶಿ ಮಾಡಬಹುದು, ಮೊಲ ಮಾಡಬಾರದು. ಅದರ ಕರುಳು ಹಗಲೂ ರಾತ್ರಿ ನಡೆಯುತ್ತಲೇ ಇರಬೇಕು. ಹತ್ತು ಹನ್ನೆರಡು ತಾಸು ಹೊಟ್ಟೆಗೆ ಏನೂ ಬೀಳದಿದ್ದರೆ ಕರುಳು ನಿಧಾನವಾಗುತ್ತದೆ, ಒಳಗೆ ಗಾಳಿ ತುಂಬುತ್ತದೆ, ನೋವಿಗೆ ಮೊಲ ಇನ್ನಷ್ಟು ಊಟ ಬಿಡುತ್ತದೆ. ಡಾಕ್ಟರು ಇದನ್ನು ಜಿಐ ಸ್ಟೇಸಿಸ್ ಅನ್ನುತ್ತಾರೆ. ಕರುಳು ಕಟ್ಟುವುದು ಅಂತ ತಿಳಿದುಕೊಳ್ಳಿ. ದಪ್ಪ ಮೊಲಕ್ಕೆ ಇನ್ನೊಂದು ಅಪಾಯವೂ ಇದೆ. ಉಪವಾಸ ಬಿದ್ದರೆ ಮೈಯ ಕೊಬ್ಬು ಒಮ್ಮೆಲೇ ಕರಗಿ ಲಿವರ್‌ಗೆ ಹೋಗಿ ಸೇರುತ್ತದೆ, ಲಿವರ್ ಕೈಕೊಡುತ್ತದೆ. ಸಣ್ಣ ಮೊಲಕ್ಕಿಂತ ದಪ್ಪ ಮೊಲವೇ ಉಪವಾಸಕ್ಕೆ ಬೇಗ ಸಾಯುವುದು ಇದೇ ಕಾರಣಕ್ಕೆ.

ಹಾಗಾದರೆ ಮಾಡುವುದೇನು? ತಿನ್ನುವ ಪ್ರಮಾಣ ಹಾಗೇ ಇರಲಿ, ತಿನ್ನುವ ಪದಾರ್ಥ ಬದಲಾಗಲಿ. ನಿಧಾನವಾಗಿ, ಎರಡರಿಂದ ನಾಲ್ಕು ತಿಂಗಳಲ್ಲಿ.

ಶುರು ಮಾಡುವ ಮೊದಲು ಒಂದು ಮಾತು. ಇಲ್ಲಿ ಹೇಳುವುದೆಲ್ಲ ಅಂಗಡಿಯಿಂದ ತಂದ ಸಾಕುಮೊಲದ ಬಗ್ಗೆ. ಹೊಲದಲ್ಲಿ ಸಿಕ್ಕ ಕಾಡುಮೊಲದ ಮರಿಯನ್ನು ಮನೆಗೆ ತಂದಿದ್ದರೆ ಅರಣ್ಯ ಇಲಾಖೆಗೆ ತಿಳಿಸಿ. ಅದನ್ನು ಸಾಕುವುದಕ್ಕೆ 1972ರ ವನ್ಯಜೀವಿ ಕಾಯ್ದೆಯಲ್ಲಿ ಅವಕಾಶ ಇಲ್ಲ.

ಬೇಕಾಗುವ ಸಾಮಾನು ಜಾಸ್ತಿ ಏನಿಲ್ಲ. ಗ್ರಾಂ ತೋರಿಸುವ ಅಡುಗೆಮನೆಯ ಡಿಜಿಟಲ್ ತೂಕದ ಯಂತ್ರ (ಮೊಲ, ಬುಟ್ಟಿ ಎರಡರ ಭಾರವನ್ನೂ ತೂಗುವಂಥದ್ದು), ಮೊಲ ಕೂರುವಷ್ಟು ದೊಡ್ಡ ಬುಟ್ಟಿ, ಒಂದು ನೋಟ್‌ಬುಕ್, ಒಂದು ಸಣ್ಣ ಡಬ್ಬಿ, ಮತ್ತೆ ಹುಲ್ಲು. ಬಹಳ ಹುಲ್ಲು.

1. ಅದು ನಿಜವಾಗಿ ಬೊಜ್ಜೇನಾ, ನೋಡಿ

ದೊಡ್ಡದಾಗಿರುವುದೆಲ್ಲ ಬೊಜ್ಜಲ್ಲ. ನಮ್ಮ ಕಡೆ ಅಂಗಡಿಯಲ್ಲಿ “ಇದು ಸಣ್ಣ ತಳಿ, ಇಷ್ಟೇ ಇರುತ್ತದೆ” ಅಂತ ಹೇಳಿ ಕೊಡುವ ಬಿಳಿ ಮರಿ, ಕೆಂಪು ಕಣ್ಣಿನದು, ಬಹಳ ಸಲ ನ್ಯೂಜಿಲೆಂಡ್ ವೈಟ್ ತಳಿಯದ್ದೋ ಅದರ ಬೆರಕೆಯೋ ಆಗಿರುತ್ತದೆ. ಅದು ಮಾಂಸಕ್ಕಾಗಿ ಬೆಳೆಸಿದ ತಳಿ. ಬೆಳೆದ ಮೇಲೆ 4ರಿಂದ 5 ಕೆಜಿ ತೂಗುವುದು ಅದಕ್ಕೆ ಸಹಜ. ಆರು ತಿಂಗಳೂ ತುಂಬದ ಮರಿ ವಾರವಾರ ತೂಕ ಏರಿಸಿಕೊಂಡರೆ ಅದು ಬೆಳೆಯುತ್ತಿದೆ ಅಷ್ಟೇ. ಬೆಳೆಯುವ ಮರಿಗೆ ತೂಕ ಇಳಿಸುವ ಪಥ್ಯ ಮಾಡಿಸಬೇಡಿ.

ಎರಡನೆಯದು ಬಸಿರು. “ಎರಡೂ ಹೆಣ್ಣು” ಅಂತ ಹೇಳಿ ಕೊಟ್ಟ ಜೋಡಿಯಲ್ಲಿ ಒಂದು ಗಂಡಾಗಿರುವುದು ಎಷ್ಟು ಸಾಮಾನ್ಯ ಅಂದರೆ, ಜೋಡಿ ಮೊಲ ಇರುವವರು ಕೇಳಿದರೆ ನಾನು ಮೊದಲು ಕೇಳುವುದೇ ಇದನ್ನು. ಮರಿಯಾಗಿದ್ದಾಗ ಗಂಡು ಹೆಣ್ಣು ಗುರುತಿಸುವುದು ಅಂಗಡಿಯವರಿಗೂ ಕಷ್ಟ. ಮೊಲದ ಬಸಿರು ಬರೀ 31 ದಿನದ್ದು. ಎರಡು ಮೂರು ವಾರದಲ್ಲಿ ಹೊಟ್ಟೆ ಮಾತ್ರ ದಪ್ಪವಾಗಿದ್ದರೆ, ಬಾಯಲ್ಲಿ ಹುಲ್ಲು ಕಚ್ಚಿಕೊಂಡು ಮೂಲೆಗೆ ಸಾಗಿಸುತ್ತಿದ್ದರೆ, ಎದೆಯ ಕೂದಲು ಕಿತ್ತುಕೊಳ್ಳುತ್ತಿದ್ದರೆ ಪಥ್ಯದ ಮಾತು ಬಿಡಿ. ಪೆಟ್ಟಿಗೆಯಲ್ಲಿ ಗೂಡು ಮಾಡಿಕೊಡಿ.

ಮೂರನೆಯದು ಗಂಗೆದೊಗಲು. ಆಕಳಿಗೆ ಗಂಟಲ ಕೆಳಗೆ ಜೋಲುವ ಚರ್ಮ ಇರುತ್ತದಲ್ವಾ, ಹೆಣ್ಣು ಮೊಲಕ್ಕೂ ಗದ್ದದ ಕೆಳಗೆ ಅಂಥ ಒಂದು ಮಡಿಕೆ ಬರುತ್ತದೆ. ಅದು ಸಹಜ. ಆದರೆ ಆ ಮಡಿಕೆ ಅಡ್ಡ ಬಂದು ಮೈ ನೆಕ್ಕಿಕೊಳ್ಳಲು ಆಗದಿದ್ದರೆ, ಅಥವಾ ಗಂಡು ಮೊಲಕ್ಕೆ ದೊಡ್ಡ ಮಡಿಕೆ ಇಳಿದಿದ್ದರೆ ಕೊಬ್ಬು ಅಂತ ಅನುಮಾನಪಡಿ.

ಈಗ ಕೈಯಿಂದ ನೋಡುವ ಪರೀಕ್ಷೆ. ಮೊಲವನ್ನು ಎತ್ತಬೇಡಿ, ನೆಲದ ಮೇಲೆ ಚಾಪೆ ಹಾಕಿ ಕೂರಿಸಿ. ಮೊದಲು ನಿಮ್ಮ ಒಂದು ಕೈ ಮುಷ್ಟಿ ಕಟ್ಟಿ, ಇನ್ನೊಂದು ಕೈಯ ಬೆರಳಿಂದ ಗೆಣ್ಣುಗಳ ಮೇಲೆ ಸವರಿ. ಆಮೇಲೆ ಕೈ ಬಿಚ್ಚಿ ಹಿಂಗೈ ಮೇಲೆ ಸವರಿ. ಕೊನೆಗೆ ಅಂಗೈಯಲ್ಲಿ ಹೆಬ್ಬೆರಳಿನ ಬುಡದ ದಿಂಡನ್ನು ಒತ್ತಿ ನೋಡಿ. ಈ ಮೂರೂ ನೆನಪಿನಲ್ಲಿರಲಿ. ಈಗ ಮೊಲದ ಪಕ್ಕೆಲುಬಿನ ಮೇಲೆ ಹಗುರವಾಗಿ ಬೆರಳಾಡಿಸಿ. ಗೆಣ್ಣಿನ ಹಾಗೆ ಚುಚ್ಚಿದರೆ ಮೊಲ ಸೊರಗಿದೆ. ಹಿಂಗೈ ಹಾಗೆ, ತೆಳು ಹೊದಿಕೆ ಕೆಳಗೆ ಎಲುಬು ಕೈಗೆ ಸಿಗುತ್ತಿದ್ದರೆ ಸರಿಯಾಗಿದೆ. ಹೆಬ್ಬೆರಳಿನ ಬುಡದ ಹಾಗೆ ಬರೀ ಮೆತ್ತಗಿದ್ದು, ಎಲುಬು ಹುಡುಕಲು ಒತ್ತಬೇಕಾದರೆ ಬೊಜ್ಜು ಬಂದಿದೆ. ಬೆನ್ನುಮೂಳೆ ಮೇಲೂ ಹೀಗೇ ನೋಡಿ. ಕಣ್ಣಿಂದ ನೋಡಿದರೆ ಸಾಲದು. ಕೂದಲು ದಟ್ಟ ಇರುವ ಮೊಲ ಕಣ್ಣಿಗೆ ಮೋಸ ಮಾಡುತ್ತದೆ.

ಎಚ್ಚರಿಕೆ: ಬೆನ್ನೆಲುಬು ಚುಚ್ಚುತ್ತಿದೆ, ಹೊಟ್ಟೆ ಮಾತ್ರ ಉಬ್ಬಿದೆ ಅಂದರೆ ಅದು ಬೊಜ್ಜೇ ಅಲ್ಲ. ಒಳಗೆ ಕಾಯಿಲೆ ಇದೆ. ಮರಿಯಾಗದ ಹಾಗೆ ಆಪರೇಷನ್ ಮಾಡಿಸದ, ನಾಲ್ಕು ವರ್ಷ ದಾಟಿದ ಹೆಣ್ಣು ಮೊಲಗಳಲ್ಲಿ ಗರ್ಭಕೋಶದ ಗಡ್ಡೆ ಬಹಳ ಕಾಣುತ್ತದೆ. ಡಾಕ್ಟರಿಗೆ ತೋರಿಸಿ. ಹೊಟ್ಟೆ ಒಮ್ಮೆಲೇ ಉಬ್ಬಿ ನಗಾರಿಯ ಹಾಗೆ ಬಿಗಿಯಾಗಿದ್ದರಂತೂ ಅವತ್ತೇ ಓಡಿ.

2. ತೂಕ ಬರೆದಿಡಿ

ಬುಟ್ಟಿಗೆ ಒಂದು ಹಳೇ ಟವೆಲ್ ಹಾಕಿ, ಯಂತ್ರದ ಮೇಲಿಟ್ಟು ಸೊನ್ನೆ ಮಾಡಿ. ಒಳಗೆ ಒಂದೆರಡು ಕೊತ್ತಂಬರಿ ಎಸಳು ಇರಲಿ, ಮೊಲ ತಾನಾಗಿ ಕೂರುತ್ತದೆ. ವಾರಕ್ಕೊಮ್ಮೆ, ಒಂದೇ ದಿನ, ಒಂದೇ ಹೊತ್ತಿಗೆ ತೂಗಿ. ದಿನಾ ತೂಗಿದರೆ ಹೊಟ್ಟೆಯಲ್ಲಿರುವ ಹುಲ್ಲು ನೀರಿನ ಲೆಕ್ಕವೇ ಏರಿಳಿದು ಸುಮ್ನೆ ತಲೆ ಕೆಡುತ್ತದೆ.

ಎಷ್ಟು ಇಳಿಯಬೇಕು? ವಾರಕ್ಕೆ ಮೈತೂಕದ ನೂರಕ್ಕೆ 1ರಿಂದ 2 ಭಾಗ. 3 ಕೆಜಿ ಮೊಲ ಅಂದರೆ ವಾರಕ್ಕೆ 30ರಿಂದ 60 ಗ್ರಾಂ. ಅರ್ಧ ಕೆಜಿ ಇಳಿಯಬೇಕಿದ್ದರೆ ಎರಡರಿಂದ ನಾಲ್ಕು ತಿಂಗಳು ಹಿಡಿಯುತ್ತದೆ. ಇದಕ್ಕಿಂತ ಬೇಗ ಇಳಿದರೆ ಖುಷಿಪಡಬೇಡಿ, ಪಥ್ಯ ಸಡಿಲಿಸಿ.

ನೋಟ್‌ಬುಕ್‌ನಲ್ಲಿ ತಾರೀಖು, ತೂಕ, ಆ ವಾರ ಕೊಟ್ಟ ಗುಳಿಗೆ ಆಹಾರ (ಅಂಗಡಿಯ ಪೆಲೆಟ್), ಹಿಕ್ಕೆ ಹೇಗಿತ್ತು, ಇಷ್ಟು ಬರೆದರೆ ಸಾಕು.

3. ಹುಲ್ಲು: ಇಲ್ಲೇ ಎಲ್ಲ ಇರುವುದು

ದೊಡ್ಡ ಮೊಲದ ಊಟದಲ್ಲಿ ನೂರಕ್ಕೆ 80 ಭಾಗಕ್ಕಿಂತ ಜಾಸ್ತಿ ಹುಲ್ಲೇ ಇರಬೇಕು. ದಿನಕ್ಕೆ ಕಡಿಮೆ ಅಂದರೂ ಮೊಲದ ಮೈಯಷ್ಟು ದೊಡ್ಡ ಕಂತೆ. ಮುಗಿದರೆ ಮತ್ತೆ ಹಾಕಿ. ಹುಲ್ಲಿಗೆ ಲೆಕ್ಕ ಇಡಬೇಡಿ, ಪಥ್ಯದಲ್ಲಿದ್ದಾಗಲೂ. ಹುಲ್ಲಿನ ನಾರೇ ಕರುಳನ್ನು ನಡೆಸುವುದು. ಹಲ್ಲನ್ನು ಸವೆಸುವುದೂ ಅದೇ. ಮೊಲದ ಹಲ್ಲು ಜೀವನವಿಡೀ ಬೆಳೆಯುತ್ತಲೇ ಇರುತ್ತದೆ, ವಾರಕ್ಕೆ 2–3 ಮಿಲಿಮೀಟರ್. ಹುಲ್ಲು ಅಗಿಯದ ಮೊಲಕ್ಕೆ ದವಡೆ ಹಲ್ಲು ಚೂಪಾಗಿ ನಾಲಿಗೆ, ಕೆನ್ನೆ ಚುಚ್ಚುತ್ತದೆ. ಆಮೇಲೆ ತಿನ್ನಬೇಕೆಂದರೂ ತಿನ್ನಲಾಗದು.

“ಟಿಮೊಥಿ ಹುಲ್ಲು ದುಬಾರಿ, ಆನ್‌ಲೈನ್‌ನಲ್ಲಿ ತರಿಸಬೇಕು” ಅನ್ನುವ ಗೋಳು ನನಗೆ ಗೊತ್ತು. ತರಿಸುವ ಶಕ್ತಿ ಇದ್ದರೆ ತರಿಸಿ, ಒಳ್ಳೆಯದೇ. ಇಲ್ಲದಿದ್ದರೆ ನಮ್ಮ ಗರಿಕೆ ಇದೆ. ಗಣಪತಿಗೆ ಏರಿಸುವ ಅದೇ ಕರಿಕಿ. ಮಳೆಗಾಲದಲ್ಲಿ ಹೊಲದ ಬದುವಿನ ಮೇಲೆ, ಕಾಲುವೆ ದಂಡೆಯಲ್ಲಿ ಬೇಕಾದಷ್ಟು ಸಿಗುತ್ತದೆ. ಹಸಿಯದೂ ಹಾಕಬಹುದು, ಒಣಗಿಸಿಯೂ ಇಡಬಹುದು. ಹಸುಗಳಿಗಾಗಿ ಗಿನಿ ಹುಲ್ಲು, ರೋಡ್ಸ್ ಹುಲ್ಲು ಬೆಳೆಯುವ ಹೈನುಗಾರರು ಪರಿಚಯ ಇದ್ದರೆ ಅವರಿಂದ ವಾರಕ್ಕೊಂದು ಹೊರೆ ತಂದರೆ ನಡೆಯುತ್ತದೆ.

ಒಣಗಿಸುವುದು ಹೀಗೆ. ಹೂವು ಬಿಡುವ ಹೊತ್ತಿಗೆ ಕೊಯ್ದ ಗರಿಕೆಯನ್ನು ಮಣ್ಣು ಜಾಡಿಸಿ, ಒಂದು ಸಲ ತೊಳೆದು ನೀರು ಬಸಿದು, ಹಳೇ ಸೀರೆ ಮೇಲೆ ತೆಳುವಾಗಿ ಹರವಿ. ಬಿಸಿಲಿಗೆ ಬೇಡ, ಗಾಳಿ ಆಡುವ ನೆರಳಿಗೆ. ನಮ್ಮ ಬಿಸಿಲಿಗೆ ಹಾಕಿದರೆ ಒಂದೇ ದಿನದಲ್ಲಿ ಬಣ್ಣ ಹಾರಿ ಕಾಗದ ಆಗುತ್ತದೆ, ಮೊಲ ಮೂಸಿಯೂ ನೋಡುವುದಿಲ್ಲ. ದಿನಕ್ಕೆರಡು ಸಲ ಮಗುಚಿ. ಹಿಡಿಯಲ್ಲಿ ಹಿಸುಕಿದರೆ ಸರಸರ ಸದ್ದು ಬರಬೇಕು, ತಂಪು ತಾಕಬಾರದು, ಆದರೆ ಬಣ್ಣ ಇನ್ನೂ ಹಸಿರಾಗಿರಬೇಕು. ಮೂಗಿಗೆ ಹಿಡಿದರೆ ಸಿಹಿ ವಾಸನೆ. ಆಗ ಗೋಣಿಚೀಲದಲ್ಲಿ ತುಂಬಿ, ನೆಲದಿಂದ ಮೇಲೆ ಇಡಿ. ಪ್ಲಾಸ್ಟಿಕ್ ಚೀಲ ಬೇಡ, ಬೆವರಿ ಬೂಸ್ಟು ಹಿಡಿಯುತ್ತದೆ. ಬೂಸ್ಟಿನ ವಾಸನೆ ಬಂದ ಹುಲ್ಲನ್ನು “ಸ್ವಲ್ಪ ಆರಿಸಿ ಹಾಕೋಣ” ಅಂತ ನೋಡಬೇಡಿ. ಗೊಬ್ಬರದ ಗುಂಡಿಗೆ ಹಾಕಿ.

ಹಾಕಬಾರದ್ದು ಯಾವುದು, ಇದನ್ನು ಎರಡು ಸಲ ಓದಿ:

– ಎಳೆ ಜೋಳದ ಬೆಳೆ, ಕೊಯ್ದ ಮೇಲೆ ಒಡೆಯುವ ಕೂಳೆ ಜೋಳದ ಚಿಗುರು. ಅದರಲ್ಲಿ ಸೈನೈಡ್ ಹುಟ್ಟುತ್ತದೆ. ಎಳೆ ಜೋಳ ಮೇಯ್ದು ದನ ಸತ್ತ ಕಥೆ ನಮ್ಮ ಯಾವ ಊರಲ್ಲಿ ಇಲ್ಲ? ಮೊಲ ಎಷ್ಟರದು.
– ಕುದುರೆ ಮೆಂತೆ (ಲೂಸರ್ನ್), ಶೇಂಗಾ ಹೊಟ್ಟು, ತೊಗರಿ ಹೊಟ್ಟು, ಕಡಲೆ ಹೊಟ್ಟು. ಇವು ಹುಲ್ಲಲ್ಲ, ಕಾಳಿನ ಜಾತಿಯ ಮೇವು. ಕುದುರೆ ಮೆಂತೆಯಲ್ಲಂತೂ ಪ್ರೋಟೀನ್, ಕ್ಯಾಲ್ಸಿಯಂ ಜಾಸ್ತಿ. ಆರು ತಿಂಗಳ ಒಳಗಿನ ಮರಿಗೆ ಅದು ಸರಿ, ದೊಡ್ಡ ಮೊಲಕ್ಕೆ ಮೈಯೂ ಬರುತ್ತದೆ, ಮೂತ್ರದಲ್ಲಿ ಸುಣ್ಣದಂಥ ಗಸಿಯೂ ಕಟ್ಟುತ್ತದೆ.
– ದ್ರಾಕ್ಷಿ ತೋಟದ ಸಾಲಿನ ಹುಲ್ಲು. ತೋಟಕ್ಕೆ ಎಷ್ಟು ಸಲ ಔಷಧಿ ಹೊಡೆಯುತ್ತಾರೆ ಅಂತ ವಿಜಯಪುರದವರಿಗೆ ನಾನು ಹೇಳಬೇಕಾಗಿಲ್ಲ. ರಸ್ತೆ ಬದಿಯದು, ಗಟಾರದ ಬದಿಯದು ಬೇಡ.
– ಹುಲ್ಲುಹಾಸಿನ ಮಷೀನ್‌ನಲ್ಲಿ ಕತ್ತರಿಸಿದ ಹುಲ್ಲು. ರಾಶಿಯಲ್ಲೇ ಬಿಸಿಯಾಗಿ ಹುಳಿಯುತ್ತದೆ.
– ಹುಲ್ಲಿನ ಜೊತೆ ಬರುವ ಕಾಂಗ್ರೆಸ್ ಕಸ, ಎಕ್ಕೆ, ಕಣಗಿಲೆ. ಆರಿಸಿ ತೆಗೆಯಿರಿ.

ಭತ್ತದ ಹುಲ್ಲು, ಗೋಧಿ ಹೊಟ್ಟು ಹಾಸಿಗೆಗೆ ಆಗುತ್ತವೆ, ಊಟಕ್ಕೆ ಅಲ್ಲ.

“ನಮ್ಮ ಮೊಲ ಹುಲ್ಲು ತಿನ್ನುವುದೇ ಇಲ್ಲ” ಅಂತ ಅರ್ಧ ಜನ ಹೇಳುತ್ತಾರೆ. ತಿನ್ನುವುದಿಲ್ಲ, ಯಾಕೆಂದರೆ ಪಕ್ಕದ ಬಟ್ಟಲಲ್ಲಿ ಅದಕ್ಕಿಂತ ರುಚಿಯಾದದ್ದು ತುಂಬಿರುತ್ತದೆ. ಹಬ್ಬದ ಮನೆಯಲ್ಲಿ ಹೋಳಿಗೆ ಎದುರಿಗಿದ್ದಾಗ ಮಕ್ಕಳು ರೊಟ್ಟಿ ತಿಂತಾರಾ? ಹುಲ್ಲನ್ನು ಮೊಲ ಹಿಕ್ಕೆ ಹಾಕುವ ಮೂಲೆಯ ಪಕ್ಕದಲ್ಲೇ ಇಡಿ. ಮೊಲಕ್ಕೆ ತಿನ್ನುವುದು, ಹಿಕ್ಕೆ ಹಾಕುವುದು ಒಟ್ಟೊಟ್ಟಿಗೆ. ನಡುವೆ ಒಂದೆರಡು ಕೊತ್ತಂಬರಿ ಎಸಳು ಸೇರಿಸಿ. ಹುಡುಕುತ್ತಾ ಹುಲ್ಲೂ ಬಾಯಿಗೆ ಬೀಳುತ್ತದೆ. ಇಷ್ಟೆಲ್ಲ ಮಾಡಿದರೂ ಎರಡು ಮೂರು ವಾರದಲ್ಲಿ ಹುಲ್ಲಿಗೆ ಬಾಯಿ ಹಾಕದಿದ್ದರೆ ಹಲ್ಲು ತೋರಿಸಿ.

4. ಗುಳಿಗೆ ಆಹಾರ ಇಳಿಸಿ

ಪೆಲೆಟ್ ಅಂತ ಚೀಲದಲ್ಲಿ ಬರುವ ಗುಳಿಗೆಗೆ ಹೆಚ್ಚೆಂದರೆ ಮೈತೂಕದ ಕೆಜಿಗೆ ದಿನಕ್ಕೆ 25 ಗ್ರಾಂ ಅನ್ನುವುದು ಮಿತಿ. ಗುರಿ ಅಲ್ಲ. ದಪ್ಪ ಮೊಲಕ್ಕೆ ಅದರ ಅರ್ಧವೇ ಸಾಕು. ಲೆಕ್ಕ ಹಾಕುವಾಗ ಈಗಿನ ತೂಕ ಹಿಡಿಯಬೇಡಿ, ಮುಟ್ಟಬೇಕಾದ ತೂಕ ಹಿಡಿಯಿರಿ.

ಚೀಲದ ಮೇಲಿನ ಚೀಟಿ ಓದಿ. ನಾರು ನೂರಕ್ಕೆ 18ಕ್ಕಿಂತ ಮೇಲಿರಬೇಕು, ಪ್ರೋಟೀನ್ 12ರಿಂದ 14ರ ಆಸುಪಾಸು. ಮೊಲ ಸಾಕಣೆ ಫಾರ್ಮಿನವರು ಮಾರುವ ಆಹಾರ ಅಗ್ಗ ಅಂತ ತರುವವರಿದ್ದಾರೆ. ಅದು ಮರಿ ಬೇಗ ತೂಕಕ್ಕೆ ಬಂದು ಮಾರಾಟಕ್ಕೆ ಹೋಗಲಿ ಅಂತ ಮಾಡಿದ್ದು. ಅದನ್ನು ತಿಂದ ಮೊಲ ದಪ್ಪವಾದರೆ ಆಹಾರ ತನ್ನ ಕೆಲಸ ಸರಿಯಾಗಿ ಮಾಡಿದೆ ಅಂತಲೇ ಅರ್ಥ. ಕೋಳಿ ಆಹಾರ, ದನದ ಹಿಂಡಿ, ಬೂಸಾ ಯಾವುದೂ ಬೇಡ. ಬಣ್ಣಬಣ್ಣದ ಕಾಳು ಬೆರೆಸಿದ ಮಿಶ್ರಣವೂ ಬೇಡ. ಮೊಲ ಅದರಲ್ಲಿ ಸಿಹಿಯಾದದ್ದನ್ನಷ್ಟೇ ಆರಿಸಿ ತಿಂದು ಉಳಿದದ್ದು ಬಿಡುತ್ತದೆ.

ಇಳಿಸುವ ಕ್ರಮ ಇಷ್ಟೇ. ಈಗ ಕೊಡುತ್ತಿರುವುದನ್ನು ಮೂರು ದಿನ ತೂಗಿ ಬರೆದುಕೊಳ್ಳಿ. “ಒಂದು ಹಿಡಿ” ಲೆಕ್ಕ ಬೇಡ, ನಿಮ್ಮ ಹಿಡಿ ಬೇರೆ, ನಿಮ್ಮ ಮನೆಯವರ ಹಿಡಿ ಬೇರೆ. ಆಮೇಲೆ ವಾರಕ್ಕೆ ಕಾಲು ಭಾಗದಂತೆ ಇಳಿಸಿ. ದಿನಕ್ಕೆ 80 ಗ್ರಾಂ ಇದ್ದರೆ ಮೊದಲ ವಾರ 60, ಎರಡನೇ ವಾರ 45, ಮೂರನೇ ವಾರ 35, ಹೀಗೆ. 2 ಕೆಜಿ ಆಸುಪಾಸಿನ ಮೊಲಕ್ಕೆ 20–25 ಗ್ರಾಂಗೆ ಬಂದು ನಿಲ್ಲಿ. ಪ್ರತಿ ಸಲ ಇಳಿಸುವ ಮೊದಲು ಒಂದೇ ಪ್ರಶ್ನೆ: ಹುಲ್ಲು ತಿನ್ನುವುದು ಏರಿದೆಯಾ? ಏರಿಲ್ಲದಿದ್ದರೆ ಅಲ್ಲೇ ಒಂದು ವಾರ ನಿಲ್ಲಿ. ಒಂದೇ ದಿನ ಪೂರ್ತಿ ನಿಲ್ಲಿಸುವುದು ಉಪವಾಸ ಕೆಡವಿದ ಹಾಗೇ ಆಗುತ್ತದೆ.

ಇಬ್ಬರು ಮೊಲ ಮಹಾಶಯರಿದ್ದರೆ ಗುಳಿಗೆಯನ್ನು ಬೇರೆ ಬೇರೆ ಕೋಣೆಯಲ್ಲಿ ಕೊಡಿ. ದಪ್ಪ ಮೊಲ ತನ್ನದನ್ನು ಮುಗಿಸಿ ಪಕ್ಕದವನ ಬಟ್ಟಲಿಗೆ ಮುಖ ಹಾಕುವುದು ಎರಡೇ ನಿಮಿಷದ ಕೆಲಸ.

5. ಸೊಪ್ಪು

ದಿನಕ್ಕೆ ಒಂದು ದೊಡ್ಡ ಹಿಡಿ ಸಾಕು, ಎರಡು ಮೂರು ಬಗೆ ಬೆರೆಸಿ. ಕೊತ್ತಂಬರಿ, ಮೆಂತೆ, ಮೂಲಂಗಿ ತಪ್ಪಲು, ಗಜ್ಜರಿ ತಪ್ಪಲು, ಪುದೀನ ಒಳ್ಳೆಯವು. ಪಾಲಕ್, ರಾಜಗಿರಿ ಅಪರೂಪಕ್ಕೆ. ಅವುಗಳಲ್ಲಿ ಆಕ್ಸಲೇಟ್ ಅನ್ನುವ, ಅತಿಯಾದರೆ ಕೆಡುಕು ಮಾಡುವ ಅಂಶ ಜಾಸ್ತಿ. ಪುಂಡಿ ಪಲ್ಯ ನಮಗೇ ಇರಲಿ. ಉಳ್ಳಾಗಡ್ಡಿ, ಅದರ ತಪ್ಪಲು, ಬೆಳ್ಳುಳ್ಳಿ ಮೊಲಕ್ಕೆ ವಿಷ. ಬಟಾಟೆ, ಟೊಮ್ಯಾಟೊ ಗಿಡದ ಎಲೆಯೂ ಆಗದು.

ಇಷ್ಟು ದಿನ ಸೊಪ್ಪೇ ಕಾಣದ ಮೊಲಕ್ಕೆ ಒಮ್ಮೆಲೇ ಕಂತೆ ಹಾಕಬೇಡಿ, ಬೇಧಿ ಆಗುತ್ತದೆ. ಹೊಸ ಸೊಪ್ಪು ಒಂದೊಂದಾಗಿ, ಮೊದಲ ದಿನ ಎರಡೇ ಎಲೆ. ಪೇಟೆಯ ಸೊಪ್ಪನ್ನು ಚೆನ್ನಾಗಿ ತೊಳೆಯಿರಿ.

6. ಮನೆಯವರಿಗೆ ಪಥ್ಯ ಮಾಡಿಸಿ

ನಿಜ ಹೇಳಬೇಕಂದರೆ ಮೊಲಕ್ಕೆ ಪಥ್ಯ ಮಾಡಿಸುವುದು ಸುಲಭ, ಮನೆಯವರಿಗೆ ಕಷ್ಟ. ನಾನು ನನ್ನ ಮೊಲಕ್ಕೆ ಒಂದೂವರೆ ತಿಂಗಳು ಗುಳಿಗೆ ತೂಗಿ ತೂಗಿ ಹಾಕಿದೆ. 20 ಗ್ರಾಂ ಕೂಡ ಇಳಿಯಲಿಲ್ಲ. ಒಂದು ದಿನ ಮಧ್ಯಾಹ್ನ ಬೇಗ ಮನೆಗೆ ಬಂದರೆ ಅವ್ವ ಪಡಸಾಲೆಯಲ್ಲಿ ಕೂತು ರೊಟ್ಟಿಯ ಅಂಚು ಮುರಿದು ಮುರಿದು ಕೊಡುತ್ತಿದ್ದಳು. ಮೊಲ ಎರಡು ಕಾಲ ಮೇಲೆ ನಿಂತು ಇಸಿದುಕೊಳ್ಳುತ್ತಿತ್ತು. ನನ್ನನ್ನು ನೋಡಿ ಅವ್ವ ಉಳಿದ ತುಂಡನ್ನು ಸೆರಗಿನಲ್ಲಿ ಮುಚ್ಚಿಟ್ಟಳು. “ಮೂಕ ಪ್ರಾಣಿ, ಹಸಿದೀತು” ಅಂದಳು.

ಬೈದು ಪ್ರಯೋಜನ ಇಲ್ಲ. ಕೊಡುವ ಖುಷಿ ಅವರಿಗೆ ಬೇಕು. ಹಾಗಾಗಿ ಡಬ್ಬಿ ಉಪಾಯ ಮಾಡಿ. ಬೆಳಿಗ್ಗೆ ಒಂದು ಸಣ್ಣ ಡಬ್ಬಿಯಲ್ಲಿ ಆ ದಿನದ ಗುಳಿಗೆ, ಮೇಲೆ ನಾಲ್ಕು ಎಸಳು ಸೊಪ್ಪು ಹಾಕಿ ಇಡಿ. ಮನೆಯಲ್ಲಿ ಯಾರೇ ಕೊಡಲಿ, ಎಷ್ಟು ಸಲವೇ ಕೊಡಲಿ, ಆ ಡಬ್ಬಿಯಿಂದಲೇ. ಡಬ್ಬಿ ಖಾಲಿಯಾದರೆ ಹುಲ್ಲು ಕೊಡಲಿ. ಅವ್ವ ಈಗ ಒಂದೊಂದೇ ಗುಳಿಗೆ ಎಣಿಸಿ ಕೊಡುತ್ತಾಳೆ, ಸಂಜೆವರೆಗೂ ಬರುತ್ತದೆ.

ಡಬ್ಬಿಯ ಹೊರಗೆ ಇರಬೇಕಾದವು: ರೊಟ್ಟಿ, ಚಪಾತಿ, ಬ್ರೆಡ್, ಬಿಸ್ಕತ್ತು, ಚುರುಮುರಿ, ಪುಠಾಣಿ, ಶೇಂಗಾ, ನೆನೆಸಿದ ಕಡಲೆ, ಬೆಲ್ಲ. ಹಿಟ್ಟು, ಸಕ್ಕರೆ ಮೊಲದ ದೊಡ್ಡ ಕರುಳಿನಲ್ಲಿ ಹುಳಿತು ಅಲ್ಲಿರುವ ಒಳ್ಳೆಯ ಸೂಕ್ಷ್ಮಜೀವಿಗಳನ್ನೇ ಕೆಡಿಸುತ್ತದೆ. ಕುಂದಾ, ಕರದಂಟು ಚೂರು ಹಾಕಿದವರನ್ನೂ ನೋಡಿದ್ದೇನೆ, ಅದರ ಬಗ್ಗೆ ಏನು ಹೇಳಲಿ. ನಮ್ಮ ಜಿಲ್ಲೆಯಲ್ಲಿ ಮನೆಮನೆಯಲ್ಲಿ ಇರುವ ಒಣದ್ರಾಕ್ಷಿ ಇನ್ನೊಂದು ಮೋಸ. ಇಷ್ಟೇ ಇಷ್ಟು ಅನಿಸುತ್ತದೆ, ಒಳಗೆಲ್ಲ ಸಕ್ಕರೆ. ಗಜ್ಜರಿ ಮೊಲದ ಊಟ ಅನ್ನುವುದು ಕಾರ್ಟೂನ್ ನೋಡಿ ಬಂದ ನಂಬಿಕೆ. ತಪ್ಪಲು ಕೊಡಿ, ಗಡ್ಡೆ ನೀವು ತಿನ್ನಿ. ಪಥ್ಯ ಮುಗಿಯುವವರೆಗೆ ಹಣ್ಣು ಬೇಕೇಬೇಕು ಅಂದರೆ ವಾರಕ್ಕೆ ಒಂದೆರಡು ಸಲ, ಹೆಬ್ಬೆರಳ ಉಗುರಿನಷ್ಟು ಪೇರಲ ಅಥವಾ ಸೇಬು. ಬೀಜ ತೆಗೆದು.

7. ಓಡಾಡಲು ಬಿಡಿ, ಹೊತ್ತು ನೋಡಿ

ಪಂಜರದಲ್ಲಿ ಕೂತ ಮೊಲ ಇಳಿಯುವುದಿಲ್ಲ. ದಿನಕ್ಕೆ ಮೂರು ನಾಲ್ಕು ತಾಸಾದರೂ ಹೊರಗೆ ಓಡಾಡಬೇಕು. ಮೊಲ ಚುರುಕಾಗುವುದು ಬೆಳಗಿನ ಜಾವ ಮತ್ತು ಸಂಜೆ. ನಮಗೆ ಇದು ಅನುಕೂಲವೇ, ನಮ್ಮ ಬಿಸಿಲಿಗೆ ಬೇರೆ ಹೊತ್ತು ಹೊರಗೆ ಬಿಡಲು ಆಗುವುದೂ ಇಲ್ಲ.

ಶಹಾಬಾದ್ ಕಲ್ಲಿನ ನೆಲ ಬೇಸಿಗೆಗೆ ತಂಪು, ಮೊಲ ಅದರ ಮೇಲೆ ಹೊಟ್ಟೆ ಚೆಲ್ಲಿ ಮಲಗುತ್ತದೆ. ಆದರೆ ಓಡಲು ಜಾರುತ್ತದೆ. ದಪ್ಪ ಮೊಲ ಒಂದೆರಡು ಸಲ ಜಾರಿದರೆ ಆಮೇಲೆ ಓಡುವುದೇ ಬಿಡುತ್ತದೆ. ದಾರಿಯುದ್ದಕ್ಕೂ ಗೋಣಿತಾಟು ಹಾಕಿ. ಪಂಜರದ ತಳ ತಂತಿಯದ್ದಾದರೆ ಅದರ ಮೇಲೂ ಹಾಕಿ. ಭಾರಕ್ಕೆ ಹಿಂಗಾಲಿನ ಹಿಮ್ಮಡಿ ಕೂದಲು ಉದುರಿ ಹುಣ್ಣಾಗಿರುತ್ತದೆ, ಕಾಲು ಎತ್ತಿ ನೋಡುವವರೆಗೆ ಗೊತ್ತಾಗುವುದಿಲ್ಲ.

ಅಟ್ಟಿಸಿಕೊಂಡು ಓಡಿಸುವುದು ವ್ಯಾಯಾಮ ಅಲ್ಲ, ಹೆದರಿಕೆ. ಊಟವನ್ನು ಹುಡುಕುವ ಹಾಗೆ ಮಾಡಿ. ಬಟ್ಟಲು ತೆಗೆದುಬಿಡಿ, ಗುಳಿಗೆಗಳನ್ನು ಹುಲ್ಲಿನ ಮೇಲೆ, ಚಾಪೆಯ ಮೇಲೆ ಚೆಲ್ಲಿ. ಬಟ್ಟೆ ಅಂಗಡಿಯಲ್ಲಿ ಥಾನು ಸುತ್ತಿ ಬರುವ ದಪ್ಪ ರಟ್ಟಿನ ಕೊಳವೆ ಕೇಳಿದರೆ ಪುಕ್ಕಟೆ ಕೊಡುತ್ತಾರೆ. ಗೇಣುದ್ದ ಕತ್ತರಿಸಿ ಒಳಗೆ ಹುಲ್ಲು ತುರುಕಿ ಕೊಟ್ಟರೆ ಅರ್ಧ ತಾಸು ಉರುಳಿಸುತ್ತದೆ. ಎರಡು ಕಡೆ ಬಾಗಿಲು ಕೊರೆದ ರಟ್ಟಿನ ಪೆಟ್ಟಿಗೆ ಇಟ್ಟರೆ ಒಳಗೂ ಹೊರಗೂ ಓಡಾಡುತ್ತದೆ, ಮೇಲೆ ಹತ್ತಿ ಇಳಿಯುತ್ತದೆ.

ಏಪ್ರಿಲ್, ಮೇ ತಿಂಗಳಲ್ಲಿ ಪಥ್ಯ ಶುರು ಮಾಡಬೇಡಿ ಅನ್ನುವುದು ನನ್ನ ಸಲಹೆ. 30 ಡಿಗ್ರಿ ದಾಟಿದರೆ ಮೊಲಕ್ಕೆ ತಡೆಯುವುದು ಕಷ್ಟ, ನಮ್ಮಲ್ಲಿ 40 ದಾಟುತ್ತದೆ. ಮೊಲಕ್ಕೆ ಬೆವರು ಇಲ್ಲ, ಕಿವಿಯಿಂದಲೇ ಬಿಸಿ ಬಿಡಬೇಕು, ಮೈಮೇಲೆ ಕೊಬ್ಬಿನ ಕಂಬಳಿ ಬೇರೆ. ಆ ಎರಡು ತಿಂಗಳು ರೊಟ್ಟಿ, ಸಿಹಿ ಮಾತ್ರ ನಿಲ್ಲಿಸಿ, ಉಳಿದದ್ದನ್ನು ಜೂನ್‌ನಲ್ಲಿ ಮಳೆ ಬಿದ್ದ ಮೇಲೆ ನೋಡೋಣ. ಹಸಿ ಗರಿಕೆಯೂ ಆಗಲೇ ಸಿಗುತ್ತದೆ. ಬೇಸಿಗೆಯಲ್ಲಿ ನೀರಿನ ಬಾಟಲಿ ಫ್ರೀಜರ್‌ನಲ್ಲಿಟ್ಟು, ಬಟ್ಟೆ ಸುತ್ತಿ ಪಕ್ಕದಲ್ಲಿಡಿ. ಕುಡಿಯಲು ಅಗಲ ಮಣ್ಣಿನ ಬಟ್ಟಲು ಇಡಿ, ನಳಿಕೆ ಬಾಟಲಿಗಿಂತ ಅದರಲ್ಲಿ ಮೊಲ ಜಾಸ್ತಿ ನೀರು ಕುಡಿಯುತ್ತದೆ. ಬಾಯಿ ತೆರೆದು ಏದುಸಿರು ಬಿಡುತ್ತಿದ್ದರೆ ಕಿವಿಗೆ ತಣ್ಣೀರ ಬಟ್ಟೆ ಒತ್ತಿ ಡಾಕ್ಟರ ಹತ್ತಿರ ಒಯ್ಯಿರಿ. ಮಂಜುಗಡ್ಡೆ ನೀರಿನಲ್ಲಿ ಮುಳುಗಿಸಬೇಡಿ.

8. ಹಿಕ್ಕೆ ನೋಡಿ, ಹಿಂಭಾಗ ನೋಡಿ

ಪಥ್ಯ ಸರಿ ನಡೆದಿದೆಯಾ ಅನ್ನುವುದನ್ನು ತೂಕಕ್ಕಿಂತ ಮೊದಲು ಹಿಕ್ಕೆ ಹೇಳುತ್ತದೆ. ಒಂದು ಒಣ ಹಿಕ್ಕೆ ತೆಗೆದು ಬೆರಳಲ್ಲಿ ಪುಡಿ ಮಾಡಿ. ಕಟ್ಟಿಗೆ ಹೊಟ್ಟಿನ ಹಾಗೆ ಉದುರಿ, ಒಳಗೆ ಹುಲ್ಲಿನ ಎಳೆ ಕಾಣಬೇಕು. ಹುಲ್ಲು ಜಾಸ್ತಿ ತಿಂದ ಹಾಗೆ ಹಿಕ್ಕೆ ದೊಡ್ಡದಾಗಿ, ಬಣ್ಣ ತಿಳಿಯಾಗುತ್ತದೆ. ಸಣ್ಣದಾಗಿ, ಕಪ್ಪಾಗಿ, ಗಟ್ಟಿಯಾದರೆ ಅಥವಾ ಎಣಿಕೆ ಕಡಿಮೆಯಾದರೆ ಪಥ್ಯ ನಿಲ್ಲಿಸಿ ಹಿಂದಿನ ಹೆಜ್ಜೆಗೆ ಹೋಗಿ.

ಇನ್ನೊಂದು ಬಗೆಯ ಹಿಕ್ಕೆ ಇದೆ. ಮೆತ್ತಗೆ, ಹೊಳಪಾಗಿ, ಸಣ್ಣ ದ್ರಾಕ್ಷಿ ಗೊಂಚಲಿನ ಹಾಗೆ ಬರುತ್ತದೆ. ಇದನ್ನು ಮೊಲ ನೇರವಾಗಿ ಬಾಯಿ ಹಾಕಿ ತಿಂದುಬಿಡುತ್ತದೆ. ಅಸಹ್ಯ ಅಂದುಕೊಳ್ಳಬೇಡಿ, ವಿಟಮಿನ್, ಪ್ರೋಟೀನ್ ಎಲ್ಲ ಅದರಲ್ಲೇ. ದಪ್ಪ ಮೊಲಕ್ಕೆ ಅಲ್ಲಿಗೆ ಬಾಯಿ ಮುಟ್ಟುವುದಿಲ್ಲ. ಹಿಂಭಾಗಕ್ಕೆ ಅಂಟಿಕೊಂಡು ನಾರುತ್ತದೆ. “ಬೇಧಿ ಆಗಿದೆ” ಅಂತ ಜನ ತಪ್ಪು ತಿಳಿಯುವುದು ಇದನ್ನೇ.

ಮಳೆಗಾಲದಲ್ಲಿ ಅಲ್ಲಿ ನೊಣ ಕೂತು ತತ್ತಿ ಇಡುತ್ತದೆ. ಒಂದೇ ದಿನದಲ್ಲಿ ಹುಳ ಆಗಿ ಮಾಂಸ ತಿನ್ನಲು ಶುರು ಮಾಡುತ್ತವೆ. ದಿನಕ್ಕೆ ಎರಡು ಸಲ ಬಾಲದ ಕೆಳಗೆ ನೋಡಿ. ಗಲೀಜಾಗಿದ್ದರೆ ಉಗುರುಬೆಚ್ಚನೆ ನೀರಿನ ಬಟ್ಟೆಯಿಂದ ಅಷ್ಟೇ ಜಾಗ ಒರೆಸಿ, ಪೂರ್ತಿ ಒಣಗಿಸಿ. ಮೈತುಂಬ ಸ್ನಾನ ಬೇಡ. ಒಂದು ಹುಳ ಕಂಡರೂ ಅದು ಎಮರ್ಜೆನ್ಸಿ.

9. ತೂಕ ಇಳಿಯದಿದ್ದರೆ, ಡಾಕ್ಟರ ಹತ್ತಿರ ಹೋಗುವಾಗ

ಮೂರು ವಾರ ತೂಕ ಅಲುಗಾಡದಿದ್ದರೆ ಮೊದಲು ಮನೆಯಲ್ಲೇ ಪತ್ತೇದಾರಿ ಮಾಡಿ, ಪಕ್ಕದ ಮನೆಯ ಮಕ್ಕಳನ್ನೂ ಸೇರಿಸಿ. ಆಮೇಲೆ ಗುಳಿಗೆ ಇನ್ನು 5 ಗ್ರಾಂ ಇಳಿಸಿ. ಹುಲ್ಲು ಚೆನ್ನಾಗಿ ತಿನ್ನುವ ದೊಡ್ಡ ಮೊಲ ಡಾಕ್ಟರನ್ನು ಕೇಳಿಕೊಂಡು ಗುಳಿಗೆ ಇಲ್ಲದೆಯೂ ಇರಬಹುದು. ವಯಸ್ಸಾದ ಮೊಲ ಓಡಾಡದಿದ್ದರೆ ಕೀಲುನೋವು ಇದ್ದೀತು, ಅದಕ್ಕೆ ಔಷಧಿ ಇದೆ.

12 ತಾಸು ಊಟ ಮುಟ್ಟಿಲ್ಲ, ಹಿಕ್ಕೆ ಇಲ್ಲ, ಮೈ ಮುದುಡಿ ಕೂತು ಹಲ್ಲು ಕಡಿಯುತ್ತಿದೆ ಅಂದರೆ ಬೆಳಗಾಗಲಿ ಅಂತ ಕಾಯಬೇಡಿ.

ನಮ್ಮ ಕಡೆಯ ಪಶುವೈದ್ಯರು ಹೆಚ್ಚಾಗಿ ದನ, ಎಮ್ಮೆ, ಕುರಿ ನೋಡುವವರು. ಆದ್ದರಿಂದ ಆರಾಮಿರುವಾಗಲೇ ಒಂದು ಸಲ ಹೋಗಿ, ಮೊಲ ನೋಡಿ ರೂಢಿ ಇದೆಯಾ ಅಂತ ಕೇಳಿಟ್ಟುಕೊಳ್ಳಿ. ನೋಟ್‌ಬುಕ್ ಒಯ್ಯಿರಿ, ಗುಳಿಗೆಯನ್ನೂ ಹುಲ್ಲನ್ನೂ ಸ್ವಲ್ಪ ಪೊಟ್ಟಣ ಕಟ್ಟಿ ಒಯ್ಯಿರಿ. ಎರಡು ಮಾತು ನೀವಾಗಿಯೇ ವಿನಯದಿಂದ ಕೇಳಿ. ಒಂದು, ಬಾಯಿಗೆ ಹಾಕುವ ಆಂಟಿಬಯೋಟಿಕ್ ಬರೆದರೆ ಅದು ಪೆನಿಸಿಲಿನ್, ಅಮಾಕ್ಸಿಸಿಲಿನ್ ಜಾತಿಯದ್ದಾ? ಬಾಯಿಯಿಂದ ಕೊಟ್ಟರೆ ಅವು ಮೊಲದ ಕರುಳು ಕೆಡಿಸಿ ಪ್ರಾಣಕ್ಕೇ ಕುತ್ತು ತರುತ್ತವೆ. ಮನೆಯಲ್ಲಿ ಉಳಿದ ಮಕ್ಕಳ ಔಷಧಿಯನ್ನಂತೂ ಮುಟ್ಟಲೇಬೇಡಿ. ಎರಡು, ಆಪರೇಷನ್ ಇದ್ದರೆ “ಹಿಂದಿನ ರಾತ್ರಿ ಏನೂ ಕೊಡಬೇಡಿ” ಅನ್ನುವ ನಾಯಿಯ ನಿಯಮ ಮೊಲಕ್ಕೂ ಹೇಳುತ್ತಿದ್ದಾರಾ? ಮೊಲಕ್ಕೆ ವಾಂತಿ ಮಾಡಲು ಬರುವುದಿಲ್ಲ, ಆ ಉಪವಾಸ ಅದಕ್ಕೆ ಬೇಕಾಗಿಲ್ಲ. ಹೋಗುವಾಗಲೂ ಬರುವಾಗಲೂ ಬುಟ್ಟಿಯಲ್ಲಿ ಒಂದು ಹಿಡಿ ಗರಿಕೆ ಇರಲಿ.